ಯೂನಿಯನ್ ನಮ್ಮ ಮಾತು ಕೇಳ್ತಿಲ್ಲ, ಬಿಟ್ಟುಬಿಡಲಾ?

ಪ್ರಶ್ನೆ: ನಾನು ಚಿಂತಾಮಣಿ ತಾಲ್ಲೂಕಿನವನು. ಒಂದು ವಿಮಾನ ಕಂಪನಿಯಲ್ಲಿ ನಾಲ್ಕು ವರ್ಷದಿಂದ ಫಸ್ಟ್ ಆಫೀಸರ್, ಅಂದರೆ ಕೋ-ಪೈಲಟ್, ಬೆಂಗಳೂರು ಬೇಸ್. ಪ್ರತಿ ತಿಂಗಳು ಸಂಬಳದಲ್ಲಿ ಯೂನಿಯನ್ ಚಂದಾ ಕಟ್ ಆಗುತ್ತದೆ. ಆದರೆ ಕಮಿಟಿಯಲ್ಲಿ ಇರುವವರೆಲ್ಲ ಸೀನಿಯರ್ ಕ್ಯಾಪ್ಟನ್‌ಗಳು. ಹಿಂದಿನ ರಾತ್ರಿ ರೋಸ್ಟರ್ (ಡ್ಯೂಟಿ ಪಟ್ಟಿ) ಬದಲಾಯಿಸುತ್ತಾರೆ ಎಂದು ಮೂರು ಸಲ ಮೇಲ್ ಹಾಕಿದೆ, ಉತ್ತರ ಇಲ್ಲ. ಹೋದ ವರ್ಷ ಭತ್ಯೆಯ ಒಪ್ಪಂದ ಆದದ್ದು ನಮಗೆ ಗೊತ್ತಾಗಿದ್ದೇ ಸಹಿ ಬಿದ್ದ ಮೇಲೆ, ಅದೂ ವಾಟ್ಸಾಪ್‌ನಲ್ಲಿ. ಕ್ಯಾಪ್ಟನ್‌ಗಳಿಗೆ ಒಳ್ಳೆ ಏರಿಕೆ, ನಮಗೆ ಏನೂ ಇಲ್ಲ. ಕೆಲವರು ಸೇರಿ ಬೇರೆ ಸಂಘ ಮಾಡೋಣ ಅಂತಿದ್ದೇವೆ. ಸರೀನಾ ಸಾರ್?
– ಹೆಸರು ಬೇಡ, ಚಿಂತಾಮಣಿ

ಉತ್ತರ: ನಿಮ್ಮ ಸಿಟ್ಟಿನಲ್ಲಿ ನ್ಯಾಯ ಇದೆ. ಸಹಿ ಹಾಕಿ ಆಮೇಲೆ ಹೇಳುವುದು ತಪ್ಪು. ಆ ತಪ್ಪನ್ನು ನಾನೂ ಮಾಡಿದ್ದೇನೆ. ತುಮಕೂರಿನ ಒಂದು ಕಾರ್ಖಾನೆಯಲ್ಲಿ ಯೂನಿಯನ್ ಜಂಟಿ ಕಾರ್ಯದರ್ಶಿಯಾಗಿದ್ದೆ. ಇವತ್ತು ಸಹಿ ಹಾಕದಿದ್ದರೆ ನಾಳೆ ಇಷ್ಟೂ ಸಿಗಲ್ಲ ಎಂದು ಮ್ಯಾನೇಜ್‌ಮೆಂಟ್ ಹೆದರಿಸಿದಾಗ, ರಾತ್ರಿ ಪಾಳಿಯವರನ್ನು ಒಂದು ಮಾತೂ ಕೇಳದೆ ಸಹಿ ಹಾಕಿಬಿಟ್ಟೆವು. ಬೆಳಿಗ್ಗೆ ಆರಕ್ಕೆ ಪಾಳಿ ಬಿಟ್ಟಾಗ ಗೇಟಿನ ಹತ್ತಿರ ಅವರು ನಮ್ಮ ಮುಖ ನೋಡದೆ ಹೋದರು. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಅದಕ್ಕೇ ನಿಮ್ಮ ಪತ್ರವನ್ನು ಎರಡು ಸಲ ಓದಿದೆ.

ಪೈಲಟ್ ಕೆಲಸದಲ್ಲಿ ಸೀನಿಯಾರಿಟಿ ಪಟ್ಟಿಯೇ ಜಾತಕ ಇದ್ದ ಹಾಗೆ. ಯಾವ ವಿಮಾನ, ಯಾವ ಬೇಸ್, ಯಾವಾಗ ಕ್ಯಾಪ್ಟನ್, ಸುಮಾರಾಗಿ ಎಲ್ಲಕ್ಕೂ ಅದೇ ಆಧಾರ. ಯೂನಿಯನ್‌ಗೂ ಅದೇ ಗಾಳಿ ಬೀಸುತ್ತದೆ. ಬೆಳಗಿನ ಜಾವ ಮೂರಕ್ಕೆ ಎದ್ದು ದೇವನಹಳ್ಳಿಗೆ ಹೋಗುವ ಹುಡುಗರು ಸಭೆಗೆ ಬರುವುದಿಲ್ಲ, ಚುನಾವಣೆಗೂ ನಿಲ್ಲುವುದಿಲ್ಲ. ಹೇಗಿದ್ದರೂ ನಾಳೆ ನಾನೂ ಕ್ಯಾಪ್ಟನ್ ಆಗ್ತೀನಲ್ಲ, ಸುಮ್ನೆ ಯಾಕೆ ಎದುರು ಹಾಕಿಕೊಳ್ಳಲಿ ಅಂತಲೂ ಇರುತ್ತದೆ, ಅಲ್ವಾ?

ಬೇರೆ ಸಂಘದ ವಿಷಯ. ಕಾನೂನು ಅಡ್ಡ ಬರುವುದಿಲ್ಲ. ಏಳು ಜನ ಸೇರಿ ನೋಂದಣಿಗೆ ಅರ್ಜಿ ಹಾಕಬಹುದು, ಆದರೆ ಅಲ್ಲಿನ ನೌಕರರಲ್ಲಿ ಶೇ 10 ಅಥವಾ 100 ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಸದಸ್ಯರು ಇರಬೇಕು. ಕಷ್ಟ ಇರುವುದು ನೋಂದಣಿ ಆದ ಮೇಲೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, ಒಂದಕ್ಕಿಂತ ಜಾಸ್ತಿ ಯೂನಿಯನ್ ಇದ್ದ ಕಡೆ ಶೇ 51 ನೌಕರರು ಯಾರ ಕಡೆ ಇದ್ದಾರೋ ಅವರೊಬ್ಬರೇ ಮಾತುಕತೆಗೆ ಕೂರುತ್ತಾರೆ. ಯಾರಿಗೂ ಅಷ್ಟು ಇಲ್ಲದಿದ್ದರೆ ಶೇ 20 ಇರುವ ಯೂನಿಯನ್‌ಗಳು ಸೇರಿ ಒಂದು ಕೌನ್ಸಿಲ್. ನೀವು ಶೇ 15 ಜನರನ್ನು ಕರೆದುಕೊಂಡು ಹೊರಗೆ ಹೋದರೆ ನಿಮಗೆ ಕುರ್ಚಿ ಇಲ್ಲ, ಉಳಿದವರ ಬಲವೂ ಕುಗ್ಗುತ್ತದೆ. ಇನ್ನೊಂದು ಮಾತು, ಪೈಲಟ್‌ಗಳು ಕಾರ್ಮಿಕರೇ ಅಲ್ಲ ಎಂದು ಕಂಪನಿಗಳು ಕೋರ್ಟಿನಲ್ಲಿ ವಾದ ಮಾಡಿದ್ದುಂಟು. ಅಂಥ ಹೊತ್ತಲ್ಲಿ ನೀವು ಎರಡಾಗಿದ್ದರೆ ಏನು ಗತಿ?

ಏರ್ ಇಂಡಿಯಾದಲ್ಲಿ ಇದನ್ನು ಕಣ್ಣಾರೆ ನೋಡಿದ್ದೇವೆ. 2007ರಲ್ಲಿ ಇಂಡಿಯನ್ ಏರ್‌ಲೈನ್ಸ್ ಅದರೊಳಗೆ ವಿಲೀನವಾಯಿತು, ಪೈಲಟ್‌ಗಳ ಸಂಘ ಮಾತ್ರ ಎರಡಾಗಿಯೇ ಉಳಿದವು. 2011ರಲ್ಲಿ ಇಂಡಿಯನ್ ಏರ್‌ಲೈನ್ಸ್ ಕಡೆಯವರು ಸಮಾನ ಸಂಬಳ ಕೇಳಿ ಹತ್ತು ದಿನ ಮುಷ್ಕರ ಮಾಡಿದರು. ಮರುವರ್ಷ ಹಳೇ ಏರ್ ಇಂಡಿಯಾದವರು 58 ದಿನ ಮುಷ್ಕರ ಮಾಡಿದರು, ಡ್ರೀಮ್‌ಲೈನರ್ ವಿಮಾನದ ತರಬೇತಿ ಆ ಕಡೆಯ ಪೈಲಟ್‌ಗಳಿಗೂ ಕೊಡುತ್ತಾರಲ್ಲ ಎಂಬ ಸಿಟ್ಟಿಗೆ! ಎರಡೂ ಸಲ ಸಂಘದ ಮಾನ್ಯತೆ ರದ್ದಾಯಿತು, ಹಲವು ಪೈಲಟ್‌ಗಳ ಕೆಲಸವೂ ಹೋಯಿತು. ವಾಪಸ್ ಕೆಲಸಕ್ಕೆ ಸೇರಲು ಅವರು ಪಟ್ಟ ಪಾಡು ಬೇಡ.

ಯೂನಿಯನ್‌ಗಳಿಂದ ಏನೂ ಆಗಿಲ್ಲ ಎನ್ನುವುದೂ ಸರಿಯಲ್ಲ. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿದ್ದು, ರಾತ್ರಿ ಲ್ಯಾಂಡಿಂಗ್ ಆರು ಸಲದಿಂದ ಎರಡು ಸಲಕ್ಕೆ ಇಳಿದದ್ದು ಸುಮ್ಮನೆ ಬಂದದ್ದಲ್ಲ. ವಿಮಾನಯಾನಕ್ಕೆ ನಿಯಮ ಮಾಡುವ ಕೇಂದ್ರದ ಸಂಸ್ಥೆ ಡಿಜಿಸಿಎ 2024ರ ಜನವರಿಯಲ್ಲಿ ಹೊರಡಿಸಿದ ಆ ನಿಯಮಗಳನ್ನು ಕಂಪನಿಗಳು ಮುಂದೂಡಿಸುತ್ತಲೇ ಇದ್ದವು. ಪೈಲಟ್ ಸಂಘಗಳು ದೆಹಲಿ ಹೈಕೋರ್ಟಿನಲ್ಲಿ ಬಿಡದೆ ಹಿಡಿದುಕೊಂಡಿದ್ದರಿಂದ 2025ರ ಜುಲೈ ಮತ್ತು ನವೆಂಬರ್‌ನಲ್ಲಿ ಎರಡು ಹಂತವಾಗಿ ಜಾರಿಯಾದವು. ಡಿಸೆಂಬರ್‌ನಲ್ಲಿ ಇಂಡಿಗೋ ವಿಮಾನಗಳು ಸಾಲಾಗಿ ರದ್ದಾಗಿ, ಆ ಕಂಪನಿಗೆ ರಾತ್ರಿ ನಿಯಮದಿಂದ ತಾತ್ಕಾಲಿಕ ವಿನಾಯಿತಿ ಸಿಕ್ಕಾಗಲೂ ಎದ್ದು ವಿರೋಧಿಸಿದ್ದು ಪೈಲಟ್ ಸಂಘದವರೇ. ಆ 48 ಗಂಟೆ ನಿಮ್ಮ ನಿದ್ದೆಗೂ ಸೇರಿದ್ದು.

ಹಾಗಾದರೆ ಏನು ಮಾಡಬೇಕು? ನಿಮ್ಮೂರಿನ ಹಾಲಿನ ಡೇರಿ ನೆನಪು ಮಾಡಿಕೊಳ್ಳಿ. ದಿನಕ್ಕೆ ಎರಡು ಲೀಟರ್ ಹಾಕುವ ಅಜ್ಜಿಯೂ ಸರ್ವಸದಸ್ಯರ ಸಭೆಯಲ್ಲಿ ಎದ್ದು, ಬೋನಸ್ ಎಷ್ಟು, ಬೂಸಾ ದುಡ್ಡು ಎಲ್ಲಿ ಹೋಯ್ತು ಅಂತ ಕೇಳುತ್ತಾಳೆ. ಕಾರ್ಯದರ್ಶಿ ಉತ್ತರ ಕೊಡಲೇಬೇಕು. ನಿಮಗೂ ಆ ಹಕ್ಕಿದೆ. ಯೂನಿಯನ್ ಲೆಕ್ಕದ ಪುಸ್ತಕ ನೋಡಲು ಸದಸ್ಯರಿಗೆ ಅವಕಾಶ ಇರಲೇಬೇಕು, ಕಾನೂನೇ ಹಾಗೆ ಹೇಳುತ್ತದೆ. ಮೊದಲು ನಿಮ್ಮ ಯೂನಿಯನ್ನಿನ ಬೈಲಾ ತರಿಸಿಕೊಳ್ಳಿ. ವಿಶೇಷ ಸಭೆ ಕರೆಯಲು ಎಷ್ಟು ಸಹಿ ಬೇಕು ಎಂದು ಅದರಲ್ಲಿ ನೋಡಿ, ಅಷ್ಟು ಸಹಿ ಕೂಡಿಸಿ. ಒಬ್ಬರೇ ಮೇಲ್ ಹಾಕಬೇಡಿ, ನಲವತ್ತು ಜನ ಒಟ್ಟಿಗೆ ಹಾಕಿ. ಸದಸ್ಯರ ಮತ ಇಲ್ಲದೆ ಯಾವ ಒಪ್ಪಂದಕ್ಕೂ ಸಹಿ ಇಲ್ಲ, ಕಮಿಟಿಯಲ್ಲಿ ಫಸ್ಟ್ ಆಫೀಸರ್‌ಗಳಿಗೆ ಇಷ್ಟು ಸ್ಥಾನ ಎಂದು ಬೈಲಾ ತಿದ್ದಲು ಈ ಎರಡೇ ಬೇಡಿಕೆ ಇಡಿ. ಮುಂದಿನ ಚುನಾವಣೆಗೆ ನೀವೇ ನಿಲ್ಲಿ. ಇಷ್ಟು ಮಾಡಿದ ಮೇಲೂ ಸಭೆಯನ್ನೇ ಕರೆಯದಿದ್ದರೆ ಮತ್ತೆ ಬರೆಯಿರಿ, ಆಗ ಬೇರೆ ಸಂಘದ ಮಾತಾಡೋಣ.

ಪ್ರಶ್ನೆ: ಮಗ ಕೋ-ಪೈಲಟ್. ರಾಜೀನಾಮೆ ಕೊಟ್ಟರೂ ಕಂಪನಿ ಆರು ತಿಂಗಳು ಬಿಡುವುದಿಲ್ಲವಂತೆ. ಯೂನಿಯನ್‌ನವರು ಬಾಯಿ ಬಿಡುತ್ತಿಲ್ಲ. ಇದು ಜೀತ ಅಲ್ಲವೇ?
– ಒಬ್ಬ ತಾಯಿ, ಶಿರಾ

ಉತ್ತರ: ಅಮ್ಮಾ, ಇದು ಕಂಪನಿ ಮಾಡಿದ ನಿಯಮ ಅಲ್ಲ, ಡಿಜಿಸಿಎ ಮಾಡಿದ್ದು. ಕೋ-ಪೈಲಟ್‌ಗೆ ಆರು ತಿಂಗಳು, 2017ರಿಂದ ಕ್ಯಾಪ್ಟನ್‌ಗೆ ಒಂದು ವರ್ಷ. ನನಗೂ ಇದು ಜಾಸ್ತಿ ಅನ್ನಿಸುತ್ತದೆ. ಪೈಲಟ್ ಸಂಘಗಳು ಇದರ ವಿರುದ್ಧ ಹೈಕೋರ್ಟಿಗೂ ಹೋಗಿವೆ. ಡಿಜಿಸಿಎ ನಿಯಮ ಆದ್ದರಿಂದ ನಿಮ್ಮ ಮಗನ ಯೂನಿಯನ್ ಕಂಪನಿ ಜೊತೆ ಮಾತಾಡಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಆದರೆ ಎರಡು ದಾರಿ ಇವೆ. ಕಂಪನಿ ಮನಸ್ಸು ಮಾಡಿ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಎಂಬ ಪತ್ರ, ಕೊಟ್ಟರೆ ಮೊದಲೇ ಹೊರಡಬಹುದು. ನೋಟಿಸ್ ಅವಧಿಯಲ್ಲಿ ಸಂಬಳವನ್ನೋ ಸೌಲಭ್ಯವನ್ನೋ ಕಡಿಮೆ ಮಾಡಿದರೆ, ಬೇಗ ಬಿಡಿ ಎಂದು ಕೇಳಲು ಆ ನಿಯಮದಲ್ಲೇ ಅವಕಾಶ ಇದೆ. ಆದ್ದರಿಂದ ಪ್ರತಿ ತಿಂಗಳ ಸಂಬಳದ ಚೀಟಿ ಜೋಪಾನವಾಗಿ ಇಟ್ಟುಕೊಳ್ಳಲು ಮಗನಿಗೆ ಹೇಳಿ. ಎನ್‌ಒಸಿ ಕೇಳುವ ಪತ್ರದ ಒಂದು ಪ್ರತಿಯನ್ನು ಯೂನಿಯನ್ ಕಾರ್ಯದರ್ಶಿಗೂ ಕೊಟ್ಟು, ತಲುಪಿದ್ದಕ್ಕೆ ಸಹಿ ಹಾಕಿಸಿಕೊಳ್ಳಲಿ.