ಹೊಳೆ ಬೇರೆಯಾದರೆ ಜಾತಿಯೂ ಬೇರೆಯಾ?

ಪ್ರಶ್ನೆ: ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ದೈತ್ಯ ಕ್ರೇಫಿಶ್ (ಸಿಗಡಿಯಂಥ ಸಿಹಿನೀರಿನ ಪ್ರಾಣಿ) ಒಂದು ಫೋಟೋದಲ್ಲಿ ಕಪ್ಪು, ಇನ್ನೊಂದರಲ್ಲಿ ನೀಲಿ. ಬೇರೆ ಬೇರೆ ಜಾತಿಯಾ? ನಮ್ಮ ಘಟಪ್ರಭೆಯಲ್ಲೂ ಇದು ಇದೆಯಾ?
– ಓದುಗರೊಬ್ಬರು, ಮುಧೋಳ

ಉತ್ತರ: ಬರೀ ಬಣ್ಣ ನೋಡಿ ಮೋಸ ಹೋಗಬೇಡಿ. ನಿಮ್ಮೂರಿನ ಮುಧೋಳ ನಾಯಿಯಲ್ಲೇ ಎಷ್ಟು ಬಣ್ಣ, ತಳಿ ಒಂದೇ ಅಲ್ವಾ? ಇದೂ ಹಾಗೇ. ಕಂದು-ಹಸಿರು, ಕಪ್ಪು, ಒಮ್ಮೊಮ್ಮೆ ನೀಲಿ, ಎಲ್ಲ ಒಂದೇ ಜಾತಿ.

ಆದರೆ ಹೊಳೆಗಳು ಒಂದಕ್ಕೊಂದು ಸೇರದೆ ದೂರವೇ ಉಳಿದರೆ, ತಲೆಮಾರುಗಳು ಕಳೆದಂತೆ ಒಂದು ಗುಂಪಿನ ಇಕ್ಕಳ, ಬೆನ್ನಚಿಪ್ಪು, ಮುಳ್ಳು ಇನ್ನೊಂದರಿಂದ ಬೇರೆಯಾಗಬಹುದು. ಅಳೆಯೋದೇ ಪೇಚು. ಕ್ರೇಫಿಶ್‌ಗಳಲ್ಲಿ ಸಾಮಾನ್ಯವಾಗಿ ಗಂಡಿನ ಇಕ್ಕಳ ಜಾಸ್ತಿ ದಪ್ಪ. ಜಗಳದಲ್ಲಿ ಮುರಿದದ್ದು ಪೊರೆ ಬಿಟ್ಟಾಗ ಮತ್ತೆ ಚಿಗುರುತ್ತದೆ, ಆದರೆ ಮೊದಲು ಸಣ್ಣದಾಗಿ. ಹಾಗಾಗಿ ಗಂಡಿಗೆ ಗಂಡನ್ನೇ ಹೋಲಿಸಬೇಕು, ಅದೂ ಬೆನ್ನಚಿಪ್ಪಿನ ಉದ್ದಕ್ಕೆ ಇಕ್ಕಳ ಎಷ್ಟು ಅಂತ ಲೆಕ್ಕ ಹಾಕಿ.

ಇನ್ನೊಂದು ಮಾತು. ಹಿಂದೆ 6 ಕೆ.ಜಿ. ತೂಗುತ್ತಿದ್ದ ಪ್ರಾಣಿ ಇದು. ಹೆಣ್ಣು ಮೊದಲ ಸಲ ಮೊಟ್ಟೆ ಇಡಲು ಸುಮಾರು 14 ವರ್ಷ ಬೇಕು. ದೊಡ್ಡವನ್ನೆಲ್ಲ ಹಿಡಿದು ತಿಂದ ಹೊಳೆಯಲ್ಲಿ ಸಣ್ಣವೇ ಉಳಿದಿರುತ್ತವೆ, ಅದನ್ನು ‘ಕುಳ್ಳ ತಳಿ’ ಅಂದುಬಿಟ್ಟರೆ ತಪ್ಪು. 1998ರಿಂದ ಹಿಡಿಯುವುದಕ್ಕೆ ನಿಷೇಧವಿದೆ.

ಘಟಪ್ರಭೆಯಲ್ಲಿರುವುದು ಸಿಗಡಿ. ಭಾರತದ್ದೇ ಆದ ಕ್ರೇಫಿಶ್ ಇಲ್ಲ. ಕ್ರೇಫಿಶ್‌ಗೆ ಮೊದಲ ಜೋಡಿ ಕಾಲೇ ದಪ್ಪ ಇಕ್ಕಳ, ಹೊಳೆ ಸಿಗಡಿಗೆ ಎರಡನೇ ಜೋಡಿ ಉದ್ದ. ಮುಂದಿನ ಸಲ ಬಲೆಯಲ್ಲಿ ಸಿಕ್ಕಿದರೆ ಎಣಿಸಿ ನೋಡಿ.