ಇಪ್ಪತ್ತು ವರ್ಷ ನಿಂತ ಷೆವೆಲ್: ಕೀಲಿ ತಿರುಗಿಸುವ ಮುನ್ನ

ಪ್ರಶ್ನೆ: ನಾವು ಅಮೆರಿಕದ ಒಹಾಯೊದಲ್ಲಿದ್ದೇವೆ. 1970ರ ಷೆವರ್ಲೆ ಷೆವೆಲ್ ಎಸ್‌ಎಸ್ 396 ಕೊಂಡಿದ್ದೇನೆ. ಇಪ್ಪತ್ತು ವರ್ಷ ಶೆಡ್ಡಿನಲ್ಲೇ ನಿಂತಿದ್ದ ಕಾರು. ಹೊಸ ಬ್ಯಾಟರಿ ಹಾಕಿ ಒಮ್ಮೆ ಸ್ಟಾರ್ಟ್ ಮಾಡಿ ನೋಡಬಹುದೇ?

ಉತ್ತರ: ಈಗಲೇ ಬೇಡ. ಇಷ್ಟು ದಿನ ನಿಂತ ಎಂಜಿನ್ನಿಗೆ ದೊಡ್ಡ ಪೆಟ್ಟು ಬೀಳುವುದು ಮೊದಲ ಸಲ ತಿರುಗಿದ ಅರ್ಧ ನಿಮಿಷದಲ್ಲಿ. ಸಿಲಿಂಡರ್ ಗೋಡೆಯ ಆಯಿಲ್ ಇಳಿದುಹೋಗಿರುತ್ತದೆ, ರಿಂಗುಗಳು ತುಕ್ಕಿಗೆ ಕಚ್ಚಿಕೊಂಡಿರಬಹುದು, ಬೇರಿಂಗ್‌ಗಳು ಒಣಗಿರುತ್ತವೆ.

ಮೊದಲು ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಫ್ಯೂಯಲ್ ಪಂಪಿನ ಡಯಾಫ್ರಂ ಹರಿದು ಪೆಟ್ರೋಲ್ ಆಯಿಲಿಗೆ ಇಳಿದಿದೆ ಎಂದರ್ಥ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಆಗ ಸ್ಟಾರ್ಟ್ ಮಾಡುವ ಯೋಚನೆ ಬಿಟ್ಟು ಎಂಜಿನ್ ಬಿಚ್ಚಿಸಿ.

ಎರಡೂ ಇಲ್ಲವೆಂದಾದರೆ ಎಂಟೂ ಸ್ಪಾರ್ಕ್ ಪ್ಲಗ್ ತೆಗೆಯಿರಿ. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ಮತ್ತು ಅಸಿಟೋನನ್ನು ಸಮಸಮ ಬೆರೆಸಿ ಪ್ರತಿ ಸಿಲಿಂಡರಿಗೆ ಸುಮಾರು 30 ಎಂಎಲ್ ಬಿಡಿ. ಎರಡು ಮೂರು ದಿನ ಹಾಗೇ ಇರಲಿ. ಅಸಿಟೋನ್ ಬೇಗ ಹೊತ್ತಿಕೊಳ್ಳುತ್ತದೆ, ಆದ್ದರಿಂದ ಗ್ಯಾರೇಜಿನ ಹೀಟರ್ ಆರಿಸಿ, ಬಾಗಿಲು ತೆರೆದಿಡಿ. ಆಮೇಲೆ ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಕ್ರ್ಯಾಂಕಿನ ಮುಂದಿನ ಬೋಲ್ಟಿಗೆ ಉದ್ದ ಹಿಡಿಯ ಪಾನ ಹಾಕಿ ಕೈಯಲ್ಲೇ ತಿರುಗಿಸಿ. ಬಿಗಿಯಾಗಿದ್ದರೆ ಜೋರು ಮಾಡಬೇಡಿ. ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ಅಲುಗಿಸಿ, ಮತ್ತೆ ದ್ರವ ಬಿಟ್ಟು ಮರುದಿನ ನೋಡಿ.

ಇದೇ ಹೊತ್ತಿಗೆ ಎರಡೂ ರಾಕರ್ ಕವರ್ ತೆಗೆದಿರಬೇಕು. ಕ್ರ್ಯಾಂಕ್ ತಿರುಗಿದಂತೆ ಹದಿನಾರು ವಾಲ್ವ್‌ಗಳೂ ಒಂದೊಂದಾಗಿ ಇಳಿದು ಮೇಲೆ ಬರುತ್ತಿವೆಯೇ ನೋಡಿ. ಇಳಿದದ್ದು ಮೇಲೆ ಬಾರದಿದ್ದರೆ ಅದು ಗೈಡಿನಲ್ಲಿ (ವಾಲ್ವ್ ಜಾರಾಡುವ ಕೊಳವೆ) ಅಂಟಿಕೊಂಡಿದೆ. ಹಾಗೇ ಸ್ಟಾರ್ಟ್ ಮಾಡಿದರೆ ಪುಷ್‌ರಾಡ್ ಬಾಗುತ್ತದೆ, ಪಿಸ್ಟನ್ ಬಡಿದರೆ ವಾಲ್ವ್ ಕೂಡ ಹೋಗುತ್ತದೆ. ಗೈಡಿಗೆ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು ಬಿಡಿಸಿಕೊಳ್ಳಿ.

ಸರಾಗವಾಗಿ ತಿರುಗಿದ ಮೇಲೆ ಇಗ್ನಿಷನ್ ವೈರ್ ಕಳಚಿಟ್ಟು, ಪ್ಲಗ್ ರಂಧ್ರಗಳಿಗೆ ಬಟ್ಟೆ ಮುಚ್ಚಿ, ಒಳಗಿನ ದ್ರವವನ್ನೆಲ್ಲ ಕೈಯಲ್ಲಿ ತಿರುಗಿಸಿಯೇ ಹೊರಹಾಕಿ. ಹಳೇ ಆಯಿಲ್ ಇಳಿಸಿ, ಹೊಸ ಫಿಲ್ಟರ್ ಸೇರಿ 5 ಕ್ವಾರ್ಟ್ ಹಾಕಿ. ಈ ಎಂಜಿನ್ನಿಗೆ ಚಪ್ಪಟೆ ತಳದ ಟ್ಯಾಪೆಟ್ ಇರುವುದರಿಂದ ಕ್ಯಾಮ್ ಸವೆಯದಂತೆ 1,000 ಪಿಪಿಎಂಗೂ ಹೆಚ್ಚು ಸತು ಇರುವ, ಹಳೇ ಕಾರುಗಳಿಗೆಂದೇ ಮಾರುವ ಆಯಿಲ್ ಬೇಕು. ಈಗಿನ ಕಾರುಗಳ ಆಯಿಲಿನಲ್ಲಿ ಸತು ಕಡಿಮೆ.

ಮುಂದಿನದು ಪ್ರೈಮಿಂಗ್, ಅಂದರೆ ಸ್ಟಾರ್ಟ್ ಮಾಡುವ ಮುನ್ನವೇ ಎಂಜಿನ್ ಒಳಗೆಲ್ಲ ಆಯಿಲ್ ಹರಿಸುವುದು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಸ್ಥಾನ ಮತ್ತು ರೋಟರ್ ದಿಕ್ಕಿಗೆ ಗುರುತು ಹಾಕಿ, ಫೋಟೊ ತೆಗೆದು, ಅದನ್ನು ಹೊರಗೆಳೆಯಿರಿ. ಪ್ರೈಮಿಂಗ್ ಟೂಲ್ ಇಳಿಸಿ ಡ್ರಿಲ್‌ನಿಂದ ಆಯಿಲ್ ಪಂಪನ್ನು ಗಡಿಯಾರದ ದಿಕ್ಕಿಗೆ ತಿರುಗಿಸಿ. ಬರೀ ಸರಳು ಸಾಲದು, ಟೂಲಿಗೆ ಡಿಸ್ಟ್ರಿಬ್ಯೂಟರ್ ಮೈಯಂತೆಯೇ ದಪ್ಪ ತೋಳು ಇರಬೇಕು. ಷೆವರ್ಲೆ ವಿ8ರಲ್ಲಿ ಆಯಿಲ್ ದಾರಿಯ ಒಂದು ಗೋಡೆ ಆ ಡಿಸ್ಟ್ರಿಬ್ಯೂಟರ್ ಮೈಯೇ. ಅದಿಲ್ಲದಿದ್ದರೆ ಆಯಿಲ್ ರಂಧ್ರದಿಂದ ಮೇಲೆ ಉಕ್ಕಿ, ಒಂದು ಬದಿಯ ಟ್ಯಾಪೆಟ್‌ಗಳು ಒಣಗಿಯೇ ಉಳಿಯುತ್ತವೆ. ಕ್ರ್ಯಾಂಕನ್ನು ಕಾಲು ಕಾಲು ಸುತ್ತು ತಿರುಗಿಸುತ್ತಾ, ಹದಿನಾರೂ ರಾಕರ್‌ಗಳಲ್ಲಿ ಆಯಿಲ್ ಜಿನುಗುವವರೆಗೂ ಮಾಡಿ. ಈ ಹಂತ ಮಾತ್ರ ಯಾರು ಏನೇ ಹೇಳಿದರೂ ಬಿಡಬೇಡಿ.

ಡಿಸ್ಟ್ರಿಬ್ಯೂಟರಿನೊಳಗೆ ಕಿಡಿಗಾಗಿ ಕರೆಂಟ್ ಕಡಿಯುವ ಪಾಯಿಂಟ್ ತುದಿಗಳನ್ನು ಸ್ವಚ್ಛ ಮಾಡಿ. ಹೊಸದು ಹಾಕಿದರೆ ಗ್ಯಾಪ್ 0.019 ಇಂಚು, ಡ್ವೆಲ್ (ಪಾಯಿಂಟ್ ಮುಚ್ಚಿಕೊಂಡಿರುವ ಕೋನ) 30 ಡಿಗ್ರಿ. ಫೈರಿಂಗ್ ಆರ್ಡರ್ (ಸಿಲಿಂಡರುಗಳು ಹೊತ್ತುವ ಸರದಿ) 1-8-4-3-6-5-7-2. ಚಾಲಕರ ಬದಿಯ 5 ಮತ್ತು 7ರ ಪ್ಲಗ್ ವೈರ್‌ಗಳು ಒಂದಕ್ಕೊಂದು ತಾಗಿ ಸಾಗದಂತೆ ನೋಡಿಕೊಳ್ಳಿ. ಇವೆರಡು ಸಿಲಿಂಡರ್ ಪಕ್ಕಪಕ್ಕದವು, ಒಂದರ ಬೆನ್ನಿಗೇ ಇನ್ನೊಂದು ಹೊತ್ತುತ್ತವೆ. 5ರ ಕಿಡಿ 7ರ ವೈರಿಗೆ ಹಾರಿದರೆ ಅದು ಹೊತ್ತಿಗೆ ಮುಂಚೆ ಹೊತ್ತಿಕೊಳ್ಳುತ್ತದೆ.

20 ಗ್ಯಾಲನ್ ಟ್ಯಾಂಕಿನ ಹಳೇ ಪೆಟ್ರೋಲ್ ಇಷ್ಟರಲ್ಲಿ ವಾರ್ನಿಷ್ ಆಗಿರುತ್ತದೆ. ಅದನ್ನು ಕಾರ್ಬೊರೇಟರಿಗೆ ಬಿಡಬೇಡಿ. ಮೊದಲ ಸ್ಟಾರ್ಟಿಗೆ ಹೊಸ ಪಂಪ್, ಎಥನಾಲ್ ತಡೆಯುವ ಹೊಸ ಹೋಸ್, ಹೊರಗಿಟ್ಟ ಸಣ್ಣ ಕ್ಯಾನ್. ರೇಡಿಯೇಟರ್ ತುಂಬಿರಲಿ, ಬೆಂಕಿ ನಂದಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ. ಆಯಿಲ್ ಪ್ರೆಷರ್ ಕೆಲವೇ ಸೆಕೆಂಡಿನಲ್ಲಿ ಏರದಿದ್ದರೆ ಆಫ್ ಮಾಡಿ.

ಪ್ರಶ್ನೆ: ಮಳೆ ಬಂದಾಗ ಡಿಕ್ಕಿಯಲ್ಲಿ ನೀರು ನಿಲ್ಲುತ್ತದೆ. ಡಿಕ್ಕಿಯ ರಬ್ಬರ್ ಬದಲಿಸಿದರೂ ನಿಂತಿಲ್ಲ.

ಉತ್ತರ: ಈ ಕಾಲದ ಷೆವೆಲ್‌ಗಳಲ್ಲಿ ಮೊದಲು ನೋಡಬೇಕಾದದ್ದು ಹಿಂದಿನ ಗಾಜಿನ ಕೆಳಮೂಲೆಗಳು. ಒಬ್ಬರು ಟಾರ್ಚ್ ಹಿಡಿದು ಡಿಕ್ಕಿಯೊಳಗೆ ಮಲಗಲಿ (ಮುಚ್ಚಳ ತೆರೆದೇ ಇರಲಿ), ಇನ್ನೊಬ್ಬರು ಗಾಜಿನ ಕೆಳಗಂಚಿಗೆ ಚೊಂಬಿನಲ್ಲಿ ನಿಧಾನ ನೀರು ಹುಯ್ಯಲಿ. ಮೂಲೆಯಿಂದ ಒಂದು ಎಳೆ ಒಳಗೋಡೆಗೆ ಅಂಟಿಕೊಂಡು ಇಳಿಯುವುದು ಕಾಣುತ್ತದೆ. ಅಲ್ಲಿ ಕ್ರೋಮ್ ಪಟ್ಟಿ ಹಿಡಿಯುವ ಕ್ಲಿಪ್ಪುಗಳಿಗೆಂದು ಬೆಸೆದ ಸಣ್ಣ ಸ್ಟಡ್‌ಗಳಿವೆ. ಪಟ್ಟಿಯ ಕೆಳಗೆ ಕಸ ಸೇರಿ ಒದ್ದೆ ಹಿಡಿದುಕೊಂಡು, ತುಕ್ಕು ಸ್ಟಡ್ ಬುಡದಿಂದಲೇ ಶುರುವಾಗುತ್ತದೆ. ವಿನೈಲ್ ಹೊದಿಕೆಯ ಛಾವಣಿ ಇದ್ದರಂತೂ ಹಾನಿ ಹೆಚ್ಚು.

ಸಿಲಿಕೋನ್ ಮೆತ್ತಿದರೆ ನೀರು ನಿಂತಂತೆ ಕಾಣುತ್ತದೆ, ತುಕ್ಕು ಒಳಗೊಳಗೇ ತಿನ್ನುತ್ತದೆ. ಗಾಜು ತೆಗೆಸಿ, ತಂತಿ ಬ್ರಷ್‌ನಿಂದ ಲೋಹ ಬೆಳ್ಳಗಾಗುವವರೆಗೆ ಉಜ್ಜಿ. ತೂತು ಬಿದ್ದಿದ್ದರೆ ಆ ಭಾಗಕ್ಕೆಂದೇ ಸಿಗುವ ಪ್ಯಾಚ್ ಪ್ಯಾನಲ್ ಹಾಕಿ. ಮಿಗ್ ವೆಲ್ಡಿಂಗಿಗೆ 0.023 ಇಂಚಿನ ತಂತಿ, ಆರ್ಗಾನ್ 75 ಮತ್ತು ಕಾರ್ಬನ್ ಡೈಆಕ್ಸೈಡ್ 25 ಪಾಲಿನ ಗ್ಯಾಸ್. ಸಾಲಾಗಿ ಬೆಸೆಯುತ್ತಾ ಹೋದರೆ ತಗಡು ಸೊಟ್ಟಗಾಗಿ ಗಾಜು ಕೂರುವುದಿಲ್ಲ. ಒಂದು ಚುಕ್ಕೆ ಇಲ್ಲಿ, ಮುಂದಿನದು ಗೇಣುದೂರ, ಮುಟ್ಟುವಷ್ಟು ತಣ್ಣಗಾದ ಮೇಲೆ ನಡುವೆ ಇನ್ನೊಂದು. ಮೇಲೆ ಇಪಾಕ್ಸಿ ಪ್ರೈಮರ್, ಆಮೇಲೆ ಸೀಮ್ ಸೀಲರ್.

ಒಂದು ಎಚ್ಚರಿಕೆ: ಛಾವಣಿಯೂ ಹಿಂದಿನ ಕ್ವಾರ್ಟರ್ ಪ್ಯಾನಲ್ಲೂ ಸೇರುವ ಕಡೆ ಕಾರ್ಖಾನೆಯಲ್ಲಿ ತುಂಬಿದ್ದು ಸೀಸ. ಅಲ್ಲಿ ಗ್ರೈಂಡರ್ ಹಚ್ಚಬೇಡಿ, ಧೂಳು ಶ್ವಾಸಕ್ಕೆ ಹೋಗುತ್ತದೆ. ಮಕ್ಕಳಿರುವ ಮನೆಯಲ್ಲಿ ಆ ಬಟ್ಟೆಯಲ್ಲೇ ಒಳಗೆ ಬರಲೂಬೇಡಿ.

ಪ್ರಶ್ನೆ: ಬ್ರೇಕ್ ಒತ್ತಿ ಬಿಟ್ಟ ಮೇಲೂ ಮುಂದಿನ ಒಂದು ಚಕ್ರ ಹಿಡಿದುಕೊಂಡೇ ಇರುತ್ತದೆ.

ಉತ್ತರ: ರಬ್ಬರ್ ಹೋಸ್ ಒಳಗಡೆ ಊದಿಕೊಂಡಿರಬಹುದು. ಕಾಲಿನ ಒತ್ತಡಕ್ಕೆ ದ್ರವ ಒಳನುಗ್ಗುತ್ತದೆ, ಹಿಂದೆ ಬರಲು ದಾರಿಯಿಲ್ಲ. ಕ್ಯಾಲಿಪರ್‌ನ ಬ್ಲೀಡರ್ (ದ್ರವ ಹೊರಬಿಡುವ ಸ್ಕ್ರೂ) ಸಡಿಲಿಸಿದ ತಕ್ಷಣ ಚಕ್ರ ಬಿಟ್ಟುಕೊಂಡರೆ ತಡೆ ಮೇಲಿನ ಲೈನಿನಲ್ಲಿದೆ, ಬಹುಪಾಲು ಹೋಸ್‌ನದೇ. ಬಿಡದಿದ್ದರೆ ಕ್ಯಾಲಿಪರ್ ಪಿಸ್ಟನ್ ತುಕ್ಕು ಹಿಡಿದಿದೆ. ಹೊರಗೆ ಚೆನ್ನಾಗಿ ಕಂಡರೂ ಮೂರೂ ಹೋಸ್ ಬದಲಿಸಿ. ಹಿಂದಿನ ಡ್ರಮ್ಮಿನ ಧೂಳಿನಲ್ಲಿ ಕಲ್ನಾರು ಇರಬಹುದು, ಗಾಳಿ ಊದದೆ ಒದ್ದೆ ಬಟ್ಟೆಯಿಂದ ಒರೆಸಿ.

ಪ್ರಶ್ನೆ: ಇದು ಅಸಲಿ ಎಸ್‌ಎಸ್ ಎಂದು ಹೇಗೆ ತಿಳಿಯುವುದು?

ಉತ್ತರ: ಕಾರಿನ ಸಂಖ್ಯೆಯಿಂದ (ನಂಬರ್ ಪ್ಲೇಟಿನದಲ್ಲ, ಕಾರ್ಖಾನೆ ಕೊಟ್ಟ ವಿಐಎನ್) ತಿಳಿಯದು. 1966ರಿಂದ 1968ರವರೆಗೆ ಎಸ್‌ಎಸ್ 396ರ ಸಂಖ್ಯೆ 138ರಿಂದ ಶುರುವಾಗುತ್ತಿತ್ತು. 1969ರಿಂದ ಎಸ್‌ಎಸ್ ಬರೀ ಆಪ್ಷನ್ ಪ್ಯಾಕೇಜ್, ಆದ್ದರಿಂದ 1970ರ ಮಾಲಿಬು (ಎಸ್‌ಎಸ್ ಅಲ್ಲದ ಷೆವೆಲ್) ವಿ8ಕ್ಕೂ ಎಸ್‌ಎಸ್‌ಗೂ ಅದೇ 136. ಬ್ಯಾಡ್ಜ್, ಬಾನೆಟ್ ಎಲ್ಲ ಅಂಗಡಿಯಲ್ಲಿ ಸಿಗುತ್ತವೆ. ಎಂಜಿನ್ನಿನ ಅಳತೆ 402 ಘನ ಇಂಚು ಬಂದರೆ ಗಾಬರಿಯಾಗಬೇಡಿ, 1970ರ ಬಹುತೇಕ '396'ಗಳ ನಿಜ ಅಳತೆಯೇ ಅದು. ಪ್ರಯಾಣಿಕರ ಬದಿಯ ಸಿಲಿಂಡರ್ ಹೆಡ್ ಮುಂದಿನ ಸಮತಟ್ಟು ಜಾಗದಲ್ಲಿ ಕೊರೆದ ಅಂಕಿಗಳ ಕೊನೆಯ ಭಾಗ ಕಾರಿನ ಸಂಖ್ಯೆಗೆ ಹೊಂದಿದರೆ ಎಂಜಿನ್ ಆ ಕಾರಿನದೇ. ಅಲ್ಲಿ ತಂತಿ ಬ್ರಷ್ ಬೇಡ, ಅಂಕಿ ಅಳಿಯುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಸಾಕು.

ಗಟ್ಟಿ ಸಾಕ್ಷಿ ಎಂದರೆ ಕಾರ್ಖಾನೆಯ ಬಿಲ್ಡ್ ಶೀಟ್, ಕಾರಿಗೆ ಏನೇನು ಹಾಕಬೇಕೆಂದು ಬರೆದ ಹಾಳೆ. ಅದರಲ್ಲಿ ಝಡ್25 ಎಂದಿದ್ದರೆ ಎಸ್‌ಎಸ್ 396. ಆ ಹಾಳೆ ಹಲವು ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕಿನ ನೆತ್ತಿಯ ಮೇಲೆ ಸಿಕ್ಕಿದೆ. ಹೇಗೂ ಟ್ಯಾಂಕ್ ಇಳಿಸುತ್ತೀರಿ. ಪಟ್ಟಿಗಳನ್ನು ಒಮ್ಮೆಲೇ ಬಿಚ್ಚದೆ ಒಂದು ಗೇಣು ಇಳಿಸಿ, ಟಾರ್ಚ್ ಬಿಟ್ಟು ನೋಡಿ. ಕಾಗದ ಕಂಡರೆ ಎಳೆಯುವ ಮೊದಲು ಇದ್ದಲ್ಲೇ ಫೋಟೊ ತೆಗೆಯಿರಿ, ಆಮೇಲೆ ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿ ಅಂಚಿನಿಂದ ನಿಧಾನವಾಗಿ ಬಿಡಿಸಿ.