ವಿಂಡೋಸ್ ಮುಂದಿನ ಆವೃತ್ತಿಗೆ ಹೋಗದಿದ್ದಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕಲಬುರಗಿಯ ನ್ಯಾಯಾಲಯದ ಸಮೀಪ ನಮ್ಮದೊಂದು ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ ಇದೆ. 2017ರಲ್ಲಿ ಕೊಂಡ ಡೆಸ್ಕ್‌ಟಾಪ್. ಇಂಟೆಲ್ ಏಳನೇ ತಲೆಮಾರಿನ ಐ5 ಪ್ರೊಸೆಸರ್, 120 ಜಿಬಿ ಎಸ್‌ಎಸ್‌ಡಿ. ಅದರಲ್ಲಿರುವ ವಿಂಡೋಸ್ 10 ಇನ್ನೂ 1909 ಎಂಬ ಆವೃತ್ತಿಯಲ್ಲಿಯೇ ನಿಂತಿದೆ. ಅಪ್‌ಡೇಟ್‌ಗೆ ಹಾಕಿದಾಗಲೆಲ್ಲ ಡೌನ್‌ಲೋಡ್ ಆಗಿ, ರೀಸ್ಟಾರ್ಟ್ ಆಗಿ, ಅರ್ಧದಲ್ಲಿ ಹಿಂದೆ ಸರಿದು ಹಳೆಯ ಸ್ಥಿತಿಗೇ ಬರುತ್ತದೆ. ಕಂಪ್ಯೂಟರ್ ಹಳೆಯದಾಯಿತು, ಹೊಸದನ್ನು ಕೊಳ್ಳಿ ಎಂದು ರಿಪೇರಿಯವರು ಹೇಳುತ್ತಾರೆ. ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ ಅಫಿಡವಿಟ್, ಕರಾರುಪತ್ರಗಳ ಫೈಲುಗಳು ಹೋಗಿಬಿಟ್ಟಾವು ಎಂಬ ಭಯವೂ ಇದೆ. ದಾರಿ ತಿಳಿಸಿ.

ಉತ್ತರ: ರಿಪೇರಿಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ನಿಮ್ಮ ಪ್ರೊಸೆಸರಿಗೆ ವಿಂಡೋಸ್ 11 ಬರುವುದಿಲ್ಲ. ಇಂಟೆಲ್ ಪ್ರೊಸೆಸರುಗಳಲ್ಲಿ ಸಾಮಾನ್ಯವಾಗಿ ಎಂಟನೇ ತಲೆಮಾರಿನಿಂದ ಮುಂದಿನವುಗಳಿಗೆ ಮಾತ್ರ ಮೈಕ್ರೋಸಾಫ್ಟ್ ಅದನ್ನು ಕೊಡುತ್ತದೆ. ಆದರೆ ವಿಂಡೋಸ್ 10ರ ಕೊನೆಯ ಆವೃತ್ತಿಯಾದ 22ಎಚ್2 ನಿಮ್ಮ ಯಂತ್ರದಲ್ಲಿ ಚೆನ್ನಾಗಿಯೇ ನಡೆಯಬೇಕು. ಅದು ಬಾರದಿರುವುದಕ್ಕೆ ಯಂತ್ರದ ವಯಸ್ಸನ್ನು ದೂರುವಂತಿಲ್ಲ, ಎಲ್ಲಿಯೋ ದಾರಿ ಕಟ್ಟಿದೆ. ಈ ಎರಡನ್ನೂ ಒಂದೇ ಎಂದು ತಿಳಿದು ಹಣ ಖರ್ಚು ಮಾಡಿಕೊಂಡವರನ್ನು ಕಂಡು ಬೇಸರವಾಗಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

1909ಕ್ಕೆ ಹೋಮ್ ಮತ್ತು ಪ್ರೊ ಬಳಕೆದಾರರಿಗೆ ಸಿಗುತ್ತಿದ್ದ ಭದ್ರತಾ ಅಪ್‌ಡೇಟ್‌ಗಳು 2021ರ ಮೇ ತಿಂಗಳಿನಲ್ಲಿಯೇ ನಿಂತಿವೆ. ಇಡೀ ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರ ನಂತರವೂ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಪಡೆಯುವ ವಿಸ್ತರಣಾ ಯೋಜನೆಯೊಂದನ್ನು ಮನೆ ಬಳಕೆದಾರರಿಗಾಗಿ ಕಂಪನಿ ತಂದಿದೆಯಾದರೂ, ಅದಕ್ಕೆ ಸೇರಬೇಕಾದರೆ 22ಎಚ್2 ಇರಲೇಬೇಕು. ಹಾಗಾಗಿ ನಿಮಗೆ ಈ ಅಪ್‌ಡೇಟ್ ತುರ್ತಿನದು.

ಯಾವುದಕ್ಕೂ ಕೈ ಹಾಕುವ ಮೊದಲು ಫೈಲುಗಳನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಪ್ರತಿ ಮಾಡಿ, ಅಲ್ಲಿಂದಲೇ ನಾಲ್ಕಾರು ಫೈಲುಗಳನ್ನು ತೆರೆದು ನೋಡಿ ಖಚಿತಪಡಿಸಿಕೊಳ್ಳಿ. ನುಡಿಯ ಇನ್‌ಸ್ಟಾಲ್ ಫೈಲನ್ನೂ ನೀವು ಬಳಸುವ ಫಾಂಟುಗಳನ್ನೂ ಅದರೊಂದಿಗೇ ಇಡಿ. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಗಳಲ್ಲಿ ಟೈಪ್ ಮಾಡಿದ ಕರಾರುಪತ್ರವು ಅದೇ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣಿಸುತ್ತದೆ. ಆಗ ಫೈಲು ಹಾಳಾಗಿರುವುದಿಲ್ಲ, ಫಾಂಟ್ ಇಲ್ಲದಿರುತ್ತದೆ ಅಷ್ಟೆ. ಇದು ತಿಳಿಯದೆ ಗಾಬರಿಯಿಂದ ಫೈಲನ್ನೇ ಅಳಿಸಿಬಿಡುವವರಿದ್ದಾರೆ.

ಇನ್ನು ಮುಖ್ಯ ಅನುಮಾನ ಜಾಗದ ಮೇಲೆ. 1909ರಿಂದ 22ಎಚ್2ಗೆ ಹೋಗುವಾಗ ಬರುವುದು ತಿಂಗಳ ಸಣ್ಣ ಅಪ್‌ಡೇಟ್ ಅಲ್ಲ. ಹಲವು ಜಿಬಿಯ ಪೂರ್ಣ ವಿಂಡೋಸ್ ಇಳಿದು, ಹಳೆಯದನ್ನು ಪಕ್ಕಕ್ಕಿಟ್ಟು, ಹೊಸದು ಅದರ ಸ್ಥಾನದಲ್ಲಿ ಕೂರುತ್ತದೆ. ಎರಡೂ ಕೆಲಕಾಲ ಒಟ್ಟಿಗೆ ಇರಬೇಕಾದ್ದರಿಂದ ಸಿ ಡ್ರೈವ್‌ನಲ್ಲಿ ಇಪ್ಪತ್ತೈದು ಜಿಬಿಯಾದರೂ ಖಾಲಿ ಇರುವುದು ಒಳ್ಳೆಯದು. ನಿಮ್ಮಂಥ ಅಂಗಡಿಗಳ ಡೆಸ್ಕ್‌ಟಾಪ್ ಪರದೆಯ ಮೇಲೆ ‘ಹೊಸ ಫೋಲ್ಡರ್’, ‘ಹೊಸ ಫೋಲ್ಡರ್ 2’ ಎಂಬ ಹೆಸರುಗಳ ಒಳಗೆ ಗಿರಾಕಿಗಳ ಆಧಾರ್ ಸ್ಕ್ಯಾನ್, ಪಹಣಿ, ಅಂಕಪಟ್ಟಿ, ವಾಟ್ಸ್‌ಆ್ಯಪ್‌ನಿಂದ ಇಳಿಸಿದ ಪಿಡಿಎಫ್‌ಗಳು ರಾಶಿ ಬಿದ್ದಿರುತ್ತವೆ. ಪರದೆಯ ಮೇಲೆ ಕಾಣುವುದೆಲ್ಲವೂ ಇರುವುದು ಸಿ ಡ್ರೈವ್‌ನಲ್ಲಿಯೇ ಎಂಬುದು ಬಹಳ ಮಂದಿಯ ಗಮನಕ್ಕೆ ಬಂದಿರುವುದಿಲ್ಲ. ಕೆಲಸ ಮುಗಿದ ಗಿರಾಕಿಯ ಆಧಾರ್ ಪ್ರತಿಯನ್ನು ಇಟ್ಟುಕೊಳ್ಳುವುದು ಅವರ ಹಿತಕ್ಕೂ ತಕ್ಕದ್ದಲ್ಲ. ಅಂಥವನ್ನು ಅಳಿಸಿ, ಬೇಕಾದವನ್ನು ಹೊರಗಿನ ಡಿಸ್ಕಿಗೆ ಸಾಗಿಸಿ, ಮರುಬಳಕೆ ಬುಟ್ಟಿಯನ್ನೂ ಖಾಲಿ ಮಾಡಿ. ಅಪ್‌ಡೇಟ್ ಪುಟದಲ್ಲಿ ಹಿಂದಿನ ಅಪ್‌ಡೇಟ್‌ಗಳ ಇತಿಹಾಸವನ್ನು ತೆರೆದರೆ ವಿಫಲವಾದದ್ದರ ಎದುರು ಒಂದು ಸಂಕೇತ ಸಂಖ್ಯೆ ಇರುತ್ತದೆ. ಅದು 80070070 ಎಂದು ಕೊನೆಗೊಂಡಿದ್ದರೆ ಜಾಗದ ಕೊರತೆಯೇ ಕಾರಣ. ‘0xC1900101’ ಎಂದು ಆರಂಭವಾಗಿದ್ದರೆ ಯಾವುದೋ ಸಾಧನದ ಡ್ರೈವರ್ (ಅದನ್ನು ನಡೆಸುವ ಪುಟ್ಟ ತಂತ್ರಾಂಶ) ಅಡ್ಡಿಯಾಗಿದೆ ಎಂದು ಶಂಕಿಸಬೇಕು. ಅರ್ಧದಲ್ಲಿ ಹಿಂದೆ ಸರಿಯುವ ಲಕ್ಷಣ ಹೆಚ್ಚಾಗಿ ಈ ಎರಡನೆಯದರಲ್ಲಿ ಕಾಣುವುದರಿಂದ, ಅಪ್‌ಡೇಟ್ ಮಾಡುವಾಗ ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಸಾಧನ, ಪೆನ್‌ಡ್ರೈವ್ ಎಲ್ಲವನ್ನೂ ಕಳಚಿ, ಕೀಲಿಮಣೆ ಮತ್ತು ಮೌಸ್ ಮಾತ್ರ ಇರಲಿ. ಹೊರಗಿನ ಆಂಟಿವೈರಸ್ ಇದ್ದರೆ ಅದನ್ನು ತಾತ್ಕಾಲಿಕವಾಗಿ ತೆಗೆದುಹಾಕಿ.

ಗಡಿಯಾರವನ್ನೂ ಒಮ್ಮೆ ನೋಡಿ. ರಾತ್ರಿ ಸ್ವಿಚ್ ಬೋರ್ಡಿನಲ್ಲಿಯೇ ಆರಿಸಿಹೋದ ಕಂಪ್ಯೂಟರನ್ನು ಬೆಳಿಗ್ಗೆ ಹಾಕಿದಾಗ ದಿನಾಂಕ ಹಲವು ವರ್ಷ ಹಿಂದಿನದನ್ನು ತೋರಿಸಿದರೆ, ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ ಬ್ಯಾಟರಿ ಮುಗಿದಿದೆ ಎಂದು ತಿಳಿಯಬೇಕು. ದಿನಾಂಕ ತಪ್ಪಿದ್ದಾಗ ಅಪ್‌ಡೇಟ್ ಸರ್ವರಿನ ಭದ್ರತಾ ಪ್ರಮಾಣಪತ್ರ ವಿಂಡೋಸ್‌ಗೆ ಸಿಂಧುವಾಗಿ ಕಾಣದೆ ಸಂಪರ್ಕವೇ ಕಡಿದುಹೋಗುತ್ತದೆ. ಸಿಆರ್2032 ಎಂದು ಕೇಳಿದರೆ ಆ ಬ್ಯಾಟರಿ ಕೈಗಡಿಯಾರದ ಅಂಗಡಿಯಲ್ಲಿಯೂ ಸಿಗುತ್ತದೆ.

ನಿಮ್ಮಲ್ಲಿ ಡೌನ್‌ಲೋಡ್ ಆಗುತ್ತಿರುವುದರಿಂದ ಮುಂದಿನ ಮಾತು ನಿಮಗೆ ಅನ್ವಯಿಸದು. ಬೇರೆ ಓದುಗರಿಗಾಗಿ ಹೇಳುತ್ತೇನೆ. ಒಬ್ಬರೇ ನಡೆಸುವ ಅಂಗಡಿಯ ಕಂಪ್ಯೂಟರಿನ ಅಪ್‌ಡೇಟ್ ಪುಟದಲ್ಲಿ ‘ಕೆಲವು ಸೆಟ್ಟಿಂಗ್‌ಗಳನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಎಂಬ ಅರ್ಥದ ಇಂಗ್ಲಿಷ್ ವಾಕ್ಯ ಕೆಂಪಕ್ಷರದಲ್ಲಿ ಕಂಡರೆ, ವಿಂಡೋಸ್ ಹಾಕಿಕೊಟ್ಟವರು ಅಪ್‌ಡೇಟ್ ಸೇವೆಯನ್ನು ಬೇಕೆಂದೇ ನಿಲ್ಲಿಸಿರುವ ಸಂಭವವಿದೆ. ಮೊಬೈಲ್ ಹಾಟ್‌ಸ್ಪಾಟ್‌ನ ಡೇಟಾ ಖಾಲಿಯಾಗುತ್ತದೆ, ಕೆಲಸದ ನಡುವೆ ಯಂತ್ರ ನಿಧಾನವಾಗುತ್ತದೆ ಎಂಬ ಗಿರಾಕಿಗಳ ದೂರೇ ಇದಕ್ಕೆ ಕಾರಣವಿದ್ದರೂ, ಹೇಳದೆ ಹೀಗೆ ಮಾಡುವುದನ್ನು ನಾನು ಒಪ್ಪಲಾರೆ. ‘ಸರ್ವಿಸಸ್’ ಎಂದು ಹುಡುಕಿ ತೆರೆದು, ‘ವಿಂಡೋಸ್ ಅಪ್‌ಡೇಟ್’ ಎಂಬುದರ ಎದುರು ‘ಡಿಸೇಬಲ್ಡ್’ ಇದ್ದರೆ ‘ಮ್ಯಾನ್ಯುಯಲ್’ಗೆ ಬದಲಿಸಬೇಕು.

ಇಷ್ಟಾದರೂ ಆಗದಿದ್ದರೆ ಅಪ್‌ಡೇಟ್ ಪುಟವನ್ನು ಬಿಟ್ಟು, ಮೈಕ್ರೋಸಾಫ್ಟ್‌ನ ಅಧಿಕೃತ ತಾಣದಿಂದಲೇ ವಿಂಡೋಸ್ 10ರ ‘ಮೀಡಿಯಾ ಕ್ರಿಯೇಷನ್ ಟೂಲ್’ ಇಳಿಸಿಕೊಂಡು, ಈಗಿರುವ ವಿಂಡೋಸ್ ಒಳಗಿನಿಂದಲೇ ಅದನ್ನು ನಡೆಸಿ. ಒಂದು ಹಂತದಲ್ಲಿ ಏನನ್ನು ಉಳಿಸಿಕೊಳ್ಳಬೇಕೆಂದು ಅದು ಕೇಳುತ್ತದೆ. ಫೈಲುಗಳನ್ನೂ ಆ್ಯಪ್‌ಗಳನ್ನೂ ಉಳಿಸುವ ಆಯ್ಕೆಯನ್ನು ಒತ್ತಿದರೆ ನುಡಿ ಸಹಿತ ಎಲ್ಲವೂ ಇದ್ದಲ್ಲಿಯೇ ಇರುತ್ತವೆ. ಆ ಆಯ್ಕೆ ಮಸುಕಾಗಿದ್ದರೆ ಮುಂದುವರಿಯಬೇಡಿ. ನಿಮ್ಮ ವಿಂಡೋಸ್‌ನ ಭಾಷೆ ಅಮೆರಿಕದ ಇಂಗ್ಲಿಷೋ ಬ್ರಿಟಿಷ್ ಇಂಗ್ಲಿಷೋ ನೋಡಿ, ಅದೇ ಭಾಷೆಯದನ್ನು ಇಳಿಸಿಕೊಳ್ಳಿ. ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕುವುದು ಕಟ್ಟಕಡೆಯ ಉಪಾಯವಾಗಿರಲಿ.

ಏಪ್ರಿಲ್, ಮೇ ಬಿಸಿಲಿನಲ್ಲಿ ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು. ಸರಿಯಾದ ಬ್ಯಾಟರಿ ಇರುವ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಭಾನುವಾರ ಬೆಳಿಗ್ಗೆ ಅಂಗಡಿ ಮುಚ್ಚಿರುವಾಗ ಮಾಡಿ. 22ಎಚ್2 ಬಂದ ಮೇಲೆ ಅದೇ ಅಪ್‌ಡೇಟ್ ಪುಟದಲ್ಲಿ ವಿಸ್ತರಣಾ ಯೋಜನೆಗೆ ಸೇರುವ ಕೊಂಡಿ ಕಾಣಿಸಬೇಕು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್‌ಗಳ ಬ್ಯಾಕಪ್ ಆನ್ ಮಾಡಿದರೆ ಅದಕ್ಕೆ ಹಣ ಕೊಡಬೇಕಾಗಿಲ್ಲ.

ಪ್ರಶ್ನೆ: ನಾನು ಬೀದರಿನ ಕಾಲೇಜೊಂದರಲ್ಲಿ ಉಪನ್ಯಾಸಕಿ. 2020ರಲ್ಲಿ ಕೊಂಡ, ಹತ್ತನೇ ತಲೆಮಾರಿನ ಪ್ರೊಸೆಸರ್ ಇರುವ ಕಂಪ್ಯೂಟರಿಗೂ ವಿಂಡೋಸ್ 11 ಬರುತ್ತಿಲ್ಲ, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲ ಎನ್ನುತ್ತದೆ. ಬೇರೆಯಾಗಿ ಕೊಂಡು ಹಾಕಿಸಬೇಕೇ?

ಉತ್ತರ: ಕೊಳ್ಳುವ ಮೊದಲು ಬಯೋಸ್ (ಕಂಪ್ಯೂಟರ್ ಆನ್ ಆದೊಡನೆ, ವಿಂಡೋಸ್‌ಗಿಂತ ಮೊದಲು ತೆರೆಯಬಹುದಾದ ಮೂಲ ಸೆಟ್ಟಿಂಗ್‌ಗಳ ಪುಟ) ನೋಡಿ, ಮೇಡಂ. ಹತ್ತನೇ ತಲೆಮಾರಿನ ಇಂಟೆಲ್ ಯಂತ್ರಗಳಲ್ಲಿ ಟಿಪಿಎಂನ ಕೆಲಸವನ್ನು ಒಳಗೇ ಇರುವ ಪಿಟಿಟಿ ಎಂಬ ವ್ಯವಸ್ಥೆ ಮಾಡುತ್ತದೆ; ಅದನ್ನು ಆಫ್ ಮಾಡಿಟ್ಟಿರುವುದು ಸಾಮಾನ್ಯ. ಎಎಂಡಿ ಯಂತ್ರಗಳಲ್ಲಿ ಅದರ ಹೆಸರು ಎಫ್‌ಟಿಪಿಎಂ. ಬಯೋಸ್‌ನ ಭದ್ರತಾ ವಿಭಾಗದಲ್ಲಿ ಅದನ್ನು ಆನ್ ಮಾಡಿದರೆ ಹೆಚ್ಚಿನ ಸಂದರ್ಭಗಳಲ್ಲಿ ಸಮಸ್ಯೆ ಅಲ್ಲಿಗೇ ತೀರುತ್ತದೆ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಬಿದ್ದಿದ್ದರೆ, ಬಯೋಸ್ ಮುಟ್ಟುವ ಮುನ್ನ ಅದರ ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ವಿಂಡೋಸ್ 11ಕ್ಕೆ ಕಂಪ್ಯೂಟರನ್ನು ಚಾಲೂ ಮಾಡುವ ಯುಇಎಫ್‌ಐ ಎಂಬ ಹೊಸ ವಿಧಾನವೂ ಬೇಕು. ‘ಸಿಸ್ಟಮ್ ಇನ್ಫರ್ಮೇಷನ್’ ತೆರೆದಾಗ ಬಯೋಸ್ ಮೋಡ್ ಎದುರು ‘ಲೆಗಸಿ’ ಎಂದಿದ್ದರೆ, ಬಯೋಸ್‌ಗೆ ಹೋಗಿ ನೇರವಾಗಿ ಯುಇಎಫ್‌ಐ ಎಂದು ಬದಲಿಸಬೇಡಿ, ಕಂಪ್ಯೂಟರ್ ಏಳುವುದೇ ಇಲ್ಲ. ಮೊದಲು ಡಿಸ್ಕಿನ ವಿಭಾಗ ಪಟ್ಟಿಯನ್ನು ಎಂಬಿಆರ್ ಎಂಬ ಹಳೆಯ ಕ್ರಮದಿಂದ ಜಿಪಿಟಿ ಎಂಬ ಹೊಸ ಕ್ರಮಕ್ಕೆ ಬದಲಿಸಬೇಕು. ಅದಕ್ಕೆ ವಿಂಡೋಸ್‌ನಲ್ಲಿಯೇ ಸಾಧನವಿದ್ದರೂ, ತಿಳಿದವರ ಎದುರು, ಬ್ಯಾಕಪ್ ಇಟ್ಟುಕೊಂಡು ಮಾಡುವುದೇ ಲೇಸು. ತಪಾಸಣೆಯನ್ನು ತಪ್ಪಿಸಿ ವಿಂಡೋಸ್ 11 ಹಾಕುವ ಉಪಾಯಗಳನ್ನು ನಿಮ್ಮ ವಿದ್ಯಾರ್ಥಿಗಳು ಹೇಳಿಯಾರು. ಅರ್ಹವಲ್ಲದ ಯಂತ್ರಗಳಿಗೆ ಮುಂದಿನ ಅಪ್‌ಡೇಟ್‌ಗಳ ಖಾತರಿ ಇಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿರುವುದರಿಂದ ಮತ್ತು ನಿಮ್ಮ ಯಂತ್ರ ಅರ್ಹವೇ ಆಗಿರುವುದರಿಂದ ನಿಮಗೆ ಅದರ ಅಗತ್ಯವಿಲ್ಲ.

ಪ್ರಶ್ನೆ: ಯಾದಗಿರಿ ತಾಲ್ಲೂಕಿನ ನಮ್ಮ ಶಾಲೆಗೆ ದಾನಿಯೊಬ್ಬರು ಕೊಟ್ಟ ಕಂಪ್ಯೂಟರಿನಲ್ಲಿ 2 ಜಿಬಿ ರ‍್ಯಾಮ್, 32 ಬಿಟ್‌ನ ವಿಂಡೋಸ್ 7 ಇದೆ. ವಿಂಡೋಸ್ 11 ಹಾಕಬಹುದೇ?

ಉತ್ತರ: ಸಾಧ್ಯವಿಲ್ಲ. ವಿಂಡೋಸ್ 11 ಇರುವುದು 64 ಬಿಟ್‌ನಲ್ಲಿ ಮಾತ್ರ. ರ‍್ಯಾಮ್ ಕನಿಷ್ಠ 4 ಜಿಬಿ ಬೇಕು. ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೆ ಮುಗಿದಿದ್ದು, ಕ್ರೋಮ್ ಕೂಡ 2023ರಿಂದ ಅದಕ್ಕೆ ಹೊಸ ಆವೃತ್ತಿಗಳನ್ನು ಕೊಡುತ್ತಿಲ್ಲ. ಆದ್ದರಿಂದ ಆ ಕಂಪ್ಯೂಟರಿನಲ್ಲಿ ಶಾಲೆಯ ಬ್ಯಾಂಕ್ ಖಾತೆಯನ್ನಾಗಲಿ ಮಕ್ಕಳ ವಿವರಗಳನ್ನಾಗಲಿ ದಯವಿಟ್ಟು ತೆರೆಯಬೇಡಿ. ಪ್ರೊಸೆಸರ್ 64 ಬಿಟ್‌ನದೇ ಆಗಿದ್ದು ಅದರ ಮೇಲೆ 32 ಬಿಟ್ ವಿಂಡೋಸ್ ಹಾಕಿರುವುದೂ ಉಂಟು. ಹಾಗಿದ್ದಲ್ಲಿ ಹಳೆಯ ರ‍್ಯಾಮ್ ಸಿಕ್ಕರೆ 4 ಜಿಬಿ ಮಾಡಿಸಿ, ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಹಾಕಬಹುದು. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಕನ್ನಡವೂ ಟೈಪಾಗುತ್ತದೆ. ಅದನ್ನು ಡಿಸ್ಕಿಗೆ ಹಾಕುವ ಮೊದಲು ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಿ, ಪರದೆ, ಧ್ವನಿ, ಪ್ರಿಂಟರ್ ಮೂರೂ ಕೆಲಸ ಮಾಡುತ್ತವೆಯೇ ಎಂದು ಪರೀಕ್ಷಿಸಿಕೊಳ್ಳಿ.